ಎಲ್ಲರೂ ಅಸ್ಪಷ್ಟ ಎಂದ ದನಿ

ಕಂಪ್ಯೂಟರಿಗೆ ಭಾಷೆ ಕಲಿಸುತ್ತೇವೆ ಎಂದರೆ ಕೇಳಿದವರು ಹುಬ್ಬೇರಿಸುತ್ತಾರೆ. ಮಾಡುವವರಿಗೆ ಗೊತ್ತು, ಅದು ಸೊಪ್ಪು ಸೋಸುವಂಥ ಕೆಲಸ. ಯಾರದೋ ಮಾತಿನ ಒಂದು ತುಣುಕು ಹೆಡ್‌ಫೋನಿಗೆ ಬರುತ್ತದೆ, ಪರದೆಯ ಮೇಲೆ ದನಿಯ ಏರಿಳಿತ ಗೆರೆಯಾಗಿ ಮೂಡುತ್ತದೆ. ಕೇಳಿದ್ದನ್ನು ಅಕ್ಷರಕ್ಕಿಳಿಸಬೇಕು, ಯಾವ ಸೀಮೆಯ ಮಾತು ಎಂದು ಗುರುತು ಹಾಕಬೇಕು, ಮುಂದಿನದಕ್ಕೆ ಹೋಗಬೇಕು. ಕೇಳಿಸದಿದ್ದರೆ ‘ಅಸ್ಪಷ್ಟ’ ಎಂಬ ಗುಂಡಿ ಒತ್ತಬೇಕು. ಒಂದೇ ತುಣುಕನ್ನು ಹಲವರಿಗೆ ಬೇರೆಬೇರೆಯಾಗಿ ಕೇಳಿಸುತ್ತೇವೆ. ಅವರು ಬರೆದದ್ದು ಒಂದಕ್ಕೊಂದು ಎಷ್ಟು ತಾಳೆಯಾಗುತ್ತದೆ ಎಂದು ನೋಡುವುದು, ತಪ್ಪು ಹುಡುಕುವುದು, ಹುಡುಕಿ ಬೈಯುವುದು ನನ್ನ ಕೆಲಸ. ಕಲ್ಕತ್ತೆಯ ನ್ಯೂ ಟೌನಿನ ನಮ್ಮ ಆಫೀಸಿನಲ್ಲಿ ಬೆನ್ನ ಹಿಂದೆ ನನ್ನನ್ನು ದಿದಿಮಣಿ ಎನ್ನುತ್ತಿದ್ದರು. ಇಲ್ಲಿ ಶಾಲೆಯ ಟೀಚರಮ್ಮನನ್ನು ಮಕ್ಕಳು ಕರೆಯುವುದು ಹಾಗೆ. ನಾನದನ್ನು ಹೊಗಳಿಕೆ ಎಂದೇ ಲೆಕ್ಕಕ್ಕೆ ಹಾಕಿಕೊಂಡಿದ್ದೆ.

ಟಿಬೆಟನ್ ಭಾಷೆಯ ಕೆಲಸ ನಮಗೆ ಬಂದದ್ದು ಮಳೆಗಾಲ ಹಿಡಿಯುವ ಮೊದಲು. ನಿಜವಾದ ಗಿರಾಕಿ ಯಾರೆಂದು ನಮಗೆ ತಿಳಿಯದು. ನಡುವೆ ಒಂದು ಕಂಪನಿ, ಅದರಾಚೆ ಇನ್ನೊಂದು. ಈ ಕಸುಬಿನಲ್ಲಿ ಅದು ಮಾಮೂಲು. ಕಾಲ್ ಸೆಂಟರಿಗೆ ಫೋನ್ ಮಾಡುವ ಟಿಬೆಟನ್ನರ ಮಾತು ಅರ್ಥಮಾಡಿಕೊಳ್ಳುವ ಯಂತ್ರ ಕಟ್ಟುತ್ತಿದ್ದೇವೆ ಎಂದು ಹೇಳಿದ್ದರು. ವಿಡಿಯೋ ಸಭೆಗೆ ಬರುತ್ತಿದ್ದವರು ಕ್ಯಾಮೆರಾ ಹಾಕುತ್ತಿರಲಿಲ್ಲ. ಬಹಳ ನಯವಾದ ಇಂಗ್ಲಿಷು, ಪ್ರತಿ ಮಾತಿಗೂ ಥ್ಯಾಂಕ್ಸು. ನಮ್ಮ ಪ್ರಾಜೆಕ್ಟ್ ಮ್ಯಾನೇಜರ್ ಬಾರಾನಗರದ ಬಂಗಾಳಿ. ಒಳ್ಳೆಯ ಮನುಷ್ಯ, ಆದರೆ ಗಿರಾಕಿಯ ಇಮೇಲ್ ಬಂದರೆ ಸಾಕು, ಊಟದ ಡಬ್ಬಿ ಮುಚ್ಚಿ ಎದ್ದುಬಿಡುವ ಪುಕ್ಕಲ. ದುರ್ಗಾಪೂಜೆಯೊಳಗೆ ಎಲ್ಲ ಮುಗಿಯಬೇಕು ಎಂದು ಮೊದಲ ದಿನವೇ ಹೇಳಿಬಿಟ್ಟ.

ಟಿಬೆಟನ್ ಬಲ್ಲವರು ನಾಲ್ವರು ಸಿಕ್ಕರು. ಮೂವರು ಕಾಲಿಂಪಾಂಗ್, ದಾರ್ಜಿಲಿಂಗ್ ಕಡೆಯವರು. ನಾಲ್ಕನೆಯವಳು ಮೂವತ್ತರ ಆಸುಪಾಸಿನ ಹೆಂಗಸು. ನಾನು ಫೋನಿನಲ್ಲಿ ಮಗಳಿಗೆ ಬೈಯುವುದನ್ನು ಕೇಳಿಸಿಕೊಂಡು ಹತ್ತಿರ ಬಂದಳು. “ಮೇಡಂ, ನೀವು ಕನ್ನಡದವರೇನ್ರಿ?” ಎಂದಳು.

ನಾನು ಬೆಪ್ಪಾಗಿ ನಿಂತೆ. ಅವಳು ಹುಟ್ಟಿದ್ದು ಮುಂಡಗೋಡದ ಟಿಬೆಟನ್ ಕ್ಯಾಂಪಿನಲ್ಲಿ, ಕಾಲೇಜು ಹುಬ್ಬಳ್ಳಿಯಲ್ಲಿ. ಅವಳ ತಾಯಿ ಪ್ರತಿ ಚಳಿಗಾಲ ಕಲ್ಕತ್ತೆಗೆ ಬಂದು ವೆಲ್ಲಿಂಗ್ಟನ್ ಚೌಕದ ಫುಟ್‌ಪಾತಿನಲ್ಲಿ ಸ್ವೆಟರ್ ಮಾರುತ್ತಾಳಂತೆ. ಹಾಗೆ ಈ ಊರಿನ ಪರಿಚಯ. ಮೈಸೂರಿನ ನನ್ನ ಕನ್ನಡಕ್ಕೂ ಅವಳ ಕನ್ನಡಕ್ಕೂ ಬಹಳ ದೂರ, ಆದರೆ ಇಲ್ಲೇ ಬೆಳೆದ ನನ್ನ ಮಗಳ ಕನ್ನಡಕ್ಕಿಂತ ಅವಳದು ನೂರು ಪಾಲು ವಾಸಿ. ಮಗಳು ನಾನು ಕನ್ನಡದಲ್ಲಿ ಬೈದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ. ಇವಳು ನನ್ನ ಡಬ್ಬಿಯ ಬಿಸಿಬೇಳೆಭಾತು ತಿಂದು, ಖಾರ ಕಮ್ಮಿ ಆಯಿತು ಎಂದು ಮುಖಕ್ಕೇ ಹೇಳಿದಳು. ಅವಳು ಆ ದಿನವೇ ನನಗೆ ಇಷ್ಟವಾದಳು.

ಮೊದಲ ಕಂತು ಸಣ್ಣದು, ಮಾದರಿಗೆಂದು ಕಳಿಸುವಂಥದ್ದು. ಮೇಲಿಂದ ಮೇಲೆ ನೋಡಿ ಒಪ್ಪಿಗೆ ಕೊಟ್ಟೆ, ಹೋಯಿತು. ಎರಡನೆಯ ಕಂತು ದೊಡ್ಡದು. ಅದರ ತಾಳೆ ವರದಿ ತೆಗೆದಾಗ ನನ್ನ ಕಣ್ಣು ಒಂದು ಕಡೆ ನಿಂತಿತು. ‘ಅಸ್ಪಷ್ಟ’ ಎಂಬ ಗುರುತಿನಲ್ಲಿ ಜನ ಒಬ್ಬರನ್ನೊಬ್ಬರು ಒಪ್ಪುವುದೇ ಅಪರೂಪ. ಒಬ್ಬರಿಗೆ ತಾಳ್ಮೆ ಇರುತ್ತದೆ, ಮತ್ತೆ ಮತ್ತೆ ಕೇಳಿ ಅರ್ಥ ಹಿಡಿಯುತ್ತಾರೆ. ಇನ್ನೊಬ್ಬರಿಗೆ ಹಸಿವಾಗಿರುತ್ತದೆ, ಗುಂಡಿ ಒತ್ತಿ ಕೈ ತೊಳೆದುಕೊಳ್ಳುತ್ತಾರೆ. ಇಲ್ಲಿ ಮಾತ್ರ ಕೆಲವು ತುಣುಕುಗಳಿಗೆ ನಾಲ್ವರೂ, ಒಬ್ಬರೂ ತಪ್ಪದೆ, ‘ಅಸ್ಪಷ್ಟ’ ಎಂದೇ ಒತ್ತಿದ್ದರು.

ಅಂಥವನ್ನು ತೆಗೆದು ಕೇಳಿದೆ. ನನಗೆ ಭಾಷೆ ಬರದು, ಕಿವಿ ಇದೆಯಲ್ಲ. ಒಂದರಲ್ಲಿ ಯಾರೋ ಹೆಂಗಸು ನಿಧಾನವಾಗಿ, ಬಿಡಿಸಿ ಬಿಡಿಸಿ ಮಾತಾಡುತ್ತಿದ್ದಳು. ಹಿಂದೆ ಎಲ್ಲೋ ಕುಕ್ಕರ್ ಕೂಗುತ್ತಿತ್ತು. ಅದು ಕೂಗಿ ಮುಗಿಯುವವರೆಗೂ ಮಾತು ನಿಲ್ಲಿಸಿ, ಆಮೇಲೆ ಮುಂದುವರಿಸಿದ್ದಳು. ಸದ್ದು ಅಳೆಯುವ ಸಾಫ್ಟ್‌ವೇರ್ ಕೂಡ ಆ ತುಣುಕಿಗೆ ಪೂರಾ ಅಂಕ ಕೊಟ್ಟಿತ್ತು. ನನಗೆ ಮೈ ಉರಿಯಿತು. ನಾಲ್ವರೂ ಮಾತಾಡಿಕೊಂಡು ಕೆಲಸಕ್ಕೆ ಚಕ್ಕರ್ ಹೊಡೆಯುತ್ತಿದ್ದಾರೆ ಎಂದೇ ತೀರ್ಮಾನಿಸಿ, ಎಲ್ಲರನ್ನೂ ಕೂರಿಸಿಕೊಂಡು ಚೆನ್ನಾಗಿ ಝಾಡಿಸಿದೆ. ತಲೆ ತಗ್ಗಿಸಿ ಕೇಳಿಸಿಕೊಂಡರು. ಮರುದಿನದ ಕೆಲಸದಲ್ಲಿ ಮತ್ತೆ ಅದೇ.

ಮ್ಯಾನೇಜರನಿಗೆ ದೂರು ಕೊಡುವ ಮೊದಲು ಮುಂಡಗೋಡದವಳನ್ನು ಆಫೀಸಿನ ಎದುರಿನ ಚಹಾದಂಗಡಿಗೆ ಕರೆದುಕೊಂಡು ಹೋದೆ. ಅಲ್ಲಿ ನಾವು ಕನ್ನಡದಲ್ಲಿ ಏನು ಮಾತಾಡಿದರೂ ಕೇಳುವವರಿಲ್ಲ.

“ನಿಮಗೆಲ್ಲ ಕಿವಿಗೆ ಏನಾಗಿದೆಯಮ್ಮ? ನಂಗೇ ಕೇಳಿಸುತ್ತೆ, ನಿಂಗೆ ಕೇಳಿಸಲ್ವ?” ಎಂದೆ.

ಅವಳು ಮಣ್ಣಿನ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅಕ್ಕಪಕ್ಕ ಒಮ್ಮೆ ನೋಡಿದಳು. ಆಮೇಲೆ, “ಕೇಳಸ್ತೈತ್ರಿ ಮೇಡಂ, ಛಲೋ ಕೇಳಸ್ತೈತಿ. ಅದಕ್ಕಂತನ ಅಸ್ಪಷ್ಟ ಅಂತ ಒತ್ತೇನ್ರಿ,” ಎಂದಳು.

ಇವು ಕಾಲ್ ಸೆಂಟರಿನ ಕರೆಗಳೇ ಅಲ್ಲ ಎಂದು ಅವಳಿಗೆ ಮೊದಲ ವಾರವೇ ತಿಳಿದಿತ್ತು. ಇವು ಮನೆಯಿಂದ ಮನೆಗೆ ಹೋದ ಫೋನುಗಳು. ಟಿಬೆಟಿನ ಒಳಗಿರುವವರು ಭಾರತ, ನೇಪಾಳದಲ್ಲಿರುವ ಅಕ್ಕ ತಂಗಿ, ಅಣ್ಣ ತಮ್ಮಂದಿರೊಂದಿಗೆ ಆಡಿದ ಮಾತು. ಅಲ್ಲಿ ಹೊರದೇಶದವರೊಂದಿಗೆ ಮಾತಾಡಿದ್ದು ತಿಳಿದರೆ ಠಾಣೆಗೆ ಕರೆಸುತ್ತಾರಂತೆ. ಮನೆಯಲ್ಲಿ, ದೇಶ ಬಿಟ್ಟು ಭಾರತಕ್ಕೆ ಬಂದ ತಮ್ಮ ಧರ್ಮಗುರುಗಳ ಫೋಟೋ ಇಟ್ಟುಕೊಂಡರೆ ಅಪರಾಧ. ಮಕ್ಕಳನ್ನು ದೂರದ ಹಾಸ್ಟೆಲ್ ಶಾಲೆಗೆ ಹಾಕಿ ಚೀನೀ ಭಾಷೆಯಲ್ಲೇ ಕಲಿಸುತ್ತಾರೆ, ರಜೆಗೆ ಬಂದ ಮಕ್ಕಳಿಗೆ ಅಜ್ಜಿಯ ಮಾತು ತಿಳಿಯುವುದಿಲ್ಲ. ಹಾಗಾಗಿ ಜನ ಫೋನಿನಲ್ಲಿ ಎಲ್ಲವನ್ನೂ ಸುತ್ತಿ ಬಳಸಿ ಹೇಳುತ್ತಾರೆ. ಗುರುಗಳನ್ನು ಮನೆಯ ಅಜ್ಜ ಎನ್ನುತ್ತಾರೆ. ಯಾರನ್ನಾದರೂ ಹಿಡಿದುಕೊಂಡು ಹೋದರೆ ಆಸ್ಪತ್ರೆಗೆ ಸೇರಿದ್ದಾನೆ ಎನ್ನುತ್ತಾರೆ. ಅಂಥ ಮಾತು ಬಂದಲ್ಲೆಲ್ಲ ಅವಳು ಗುಂಡಿ ಒತ್ತಿದ್ದಳು.

“ನಾಲ್ಕು ಜನಾನೂ ಮಾತಾಡ್ಕೊಂಡು ಮಾಡಿದ್ರಾ?” ಎಂದೆ.

“ಇಲ್ರಿ. ಒಬ್ಬರ ಮುಂದ ಒಬ್ಬರು ಬಾಯಿ ಬಿಟ್ಟಿಲ್ರಿ. ಯಾರು ಯಾರ ಕಡೆಯವರೋ ಅಂತ ನಮ್ಮೊಳಗ ಹೆದರಿಕಿ ಇರತೈತಿ. ಅವರೂ ಅದನ್ನ ಒತ್ಯಾರಂತ ಮೊನ್ನೆ ನೀವು ಬೈದಾಗ ಗೊತ್ತಾತು.”

ನನ್ನ ಸಿಟ್ಟು ಅಲ್ಲೇ ಇಳಿಯಿತು. ಅವಳ ಮಾತು ಇನ್ನೂ ಮುಗಿದಿರಲಿಲ್ಲ. “ಆ ಕುಕ್ಕರ್ ಕೂಗೂ ತುಣುಕು ಐತಲ್ರಿ,” ಎಂದಳು, “ಅದು ನಮ್ಮ ಚಿಕ್ಕವ್ವನ ದನಿರಿ.”

ಅವಳ ತಾಯಿಯ ಒಬ್ಬಳೇ ತಂಗಿ. ಅಕ್ಕ ಚಿಕ್ಕವಳಿದ್ದಾಗಲೇ ಗಡಿ ದಾಟಿ ಬಂದಳು, ತಂಗಿ ಅಲ್ಲೇ ಉಳಿದಳು. ಆ ವರ್ಷ ಬೇಸಿಗೆಯ ಆರಂಭದಲ್ಲಿ ತಂಗಿ ಫೋನ್ ಮಾಡಿ ಹೇಳಿದ್ದಳಂತೆ: ಇನ್ನು ಮಾತು ಬೇಡ, ನೀವೂ ಮಾಡಬೇಡಿ. ಚಳಿಗಾಲದಲ್ಲಿ ಬೆಣ್ಣೆದೀಪದ ಹಬ್ಬದ ಸಂಜೆ ಎರಡು ರಿಂಗ್ ಕೊಟ್ಟು ಕಟ್ ಮಾಡುತ್ತೇನೆ, ನಾನಿದ್ದೇನೆ ಎಂದು ತಿಳಿದುಕೊಳ್ಳಿ. ಎತ್ತಬೇಡಿ. ಎರಡಕ್ಕಿಂತ ಹೆಚ್ಚು ಹೊಡೆದುಕೊಂಡರೆ ಅದು ನಾನಲ್ಲ. ಆ ತುಣುಕಿನಲ್ಲಿ ಇದ್ದದ್ದು ಇಷ್ಟೇ ಮಾತು. ಇದನ್ನೇ ಅಕ್ಷರಕ್ಕಿಳಿಸಿ, ಯಾವ ಸೀಮೆಯವಳು ಎಂದು ಗುರುತು ಹಾಕಿ ಕೊಡಿ ಎಂದು ನಾನು ಅವಳ ತಲೆಯ ಮೇಲೆ ಕೂತಿದ್ದೆ.

ಯಾರಿಗಾದರೂ ಹೇಳಬಾರದಿತ್ತೇ ಎಂದೆ. ಅವಳು ನಕ್ಕುಬಿಟ್ಟಳು. “ನಾನು ಇಲ್ಲೇ ಹುಟ್ಟೇನಿ ಖರೆ, ಆದ್ರ ನಾಗರಿಕಳಲ್ರಿ. ನೋಂದಣಿ ಕಾಗದ ಹೊಸದು ಮಾಡಿಸ್ಕೋತ ಇರಬೇಕು. ಠಾಣೆಗೆ ಹೋಗಿ ಏನಂತ ಹೇಳ್ಲಿ?”

ನನಗೆ ಭಯವಾಯಿತು. ಇದನ್ನು ಬೇರೆ ಮಾತಿನಲ್ಲಿ ಹೇಳಲು ಬಾರದು. ಆ ದನಿಗಳನ್ನು ಹಿಡಿದವರು ಯಾರು, ನಮ್ಮವರೆಗೆ ತಂದವರು ಯಾರು, ಒಂದೂ ಗೊತ್ತಿರಲಿಲ್ಲ. ಇವತ್ತಿಗೂ ಗೊತ್ತಿಲ್ಲ.

ಅದೇ ವಾರ ಗಿರಾಕಿಯೊಂದಿಗೆ ಸಭೆ ಇತ್ತು. ಅವರು ಹೊಸ ಕೆಲಸ ಸೇರಿಸಿದರು. ಮಾತಿನಲ್ಲಿ ‘ಅಜ್ಜ’ ಎಂದು ಬಂದರೆ ಯಾರನ್ನು ಕುರಿತದ್ದು ಎಂದು ಬರೆಯಬೇಕು. ಎರಡು ತುಣುಕು ಒಟ್ಟಿಗೆ ಕೇಳಿಸಿದರೆ ಎರಡರಲ್ಲೂ ಮಾತಾಡಿದವರು ಒಬ್ಬರೇ ಹೌದೋ ಅಲ್ಲವೋ ಹೇಳಬೇಕು. ಕಾಲ್ ಸೆಂಟರಿಗೆ ಇದೆಲ್ಲ ಯಾಕೆ ಎಂದು ಮ್ಯಾನೇಜರ್ ಕೇಳಲಿಲ್ಲ, ನಾನೂ ಆಗ ಕೇಳಲಿಲ್ಲ. ಕೊನೆಯಲ್ಲಿ ಆ ನಯವಾದ ದನಿ ನನ್ನನ್ನೇ ಉದ್ದೇಶಿಸಿ, ‘ಅಸ್ಪಷ್ಟ’ ಗುಂಡಿಯನ್ನು ಮುಂದಿನ ವಾರದಿಂದ ತೆಗೆಯುತ್ತೇವೆ ಎಂದಿತು. ಅಲ್ಲಿಯವರೆಗಿನ ಕೆಲಸದಲ್ಲಿ ಎಲ್ಲರೂ ಒಮ್ಮತದಿಂದ ಅಸ್ಪಷ್ಟ ಎಂದ ತುಣುಕುಗಳನ್ನು ಮಾತ್ರ ಬೇರೆ ತೆಗೆದು ಮೊದಲು ಕಳಿಸಿ, ನಿಮ್ಮ ತಾಳೆ ವರದಿ ಬಹಳ ಚೆನ್ನಾಗಿದೆಯಂತೆ, ಥ್ಯಾಂಕ್ಸ್ ಎಂದಿತು.

ಸಭೆ ಮುಗಿದ ಮೇಲೂ ನಾನು ಹೆಡ್‌ಫೋನ್ ತೆಗೆಯದೆ ಕೂತಿದ್ದೆ. ಆಗ ನನಗೆ ಹೊಳೆಯಿತು. ಒಬ್ಬರಿಗೊಬ್ಬರು ತಿಳಿಸದೆ ನಾಲ್ವರೂ ಯಾವುದನ್ನು ಮುಚ್ಚಿಟ್ಟರೋ, ನಾಲ್ವರೂ ಮುಚ್ಚಿಟ್ಟದ್ದರಿಂದಲೇ ಅದು ಬಯಲಾಗಿತ್ತು. ಒಬ್ಬಿಬ್ಬರು ಒತ್ತಿದ್ದರೆ ಸೋಮಾರಿತನ ಎಂದು ದಾಟಿಹೋಗುತ್ತಿತ್ತು. ರಾಶಿ ದನಿಗಳ ನಡುವೆ ಕೆದಕಬೇಕಾದ್ದು ಯಾವುದು ಎಂದು ಆ ಒಮ್ಮತವೇ ಬೆರಳು ಮಾಡಿ ತೋರಿಸುತ್ತಿತ್ತು. ತೋರಿಸುವ ಉಪಾಯ ನನ್ನದೇ. ಗಿರಾಕಿಗಳ ಮುಂದೆ ನಾನು ಜಂಬ ಕೊಚ್ಚಿಕೊಳ್ಳುತ್ತಿದ್ದ ವರದಿ ಅದು.

ಏನು ಮಾಡುವುದೆಂದು ತಿಳಿಯಲಿಲ್ಲ. ಗುರುತುಗಳನ್ನು ಅಲ್ಲಲ್ಲಿ ಬದಲಿಸಿ ಒಮ್ಮತ ಕೆಡಿಸಿಬಿಡೋಣ ಎಂದು ಒಂದು ಮಧ್ಯಾಹ್ನ ಕೂತೆ. ಯಾರು ಯಾವಾಗ ಏನು ಬದಲಿಸಿದರು ಎಂಬುದನ್ನೂ ನಮ್ಮ ವ್ಯವಸ್ಥೆ ಬರೆದಿಟ್ಟುಕೊಳ್ಳುತ್ತದೆ, ಅದೂ ಅವರಿಗೆ ಹೋಗುತ್ತದೆ. ಅವಳಿಗೆ ಸುಳ್ಳು ಬರೆಯಲು ಹೇಳಿದರೆ ಉಳಿದ ಮೂವರು ಬೇರೆ ಸುಳ್ಳು ಬರೆಯುತ್ತಾರೆ, ಮತ್ತೆ ಅದೇ ತುಣುಕುಗಳು ಎದ್ದು ಕಾಣುತ್ತವೆ. ಬರೀ ವರದಿ ತಡೆದರೂ ಪ್ರಯೋಜನವಿಲ್ಲ, ಕಂತು ಕೈಗೆ ಸಿಕ್ಕರೆ ಆ ಲೆಕ್ಕವನ್ನು ಅವರೇ ಹಾಕಿಕೊಳ್ಳಬಲ್ಲರು. ಉಳಿದದ್ದು ಒಂದೇ ದಾರಿ. ಕಂತೇ ಹೋಗಬಾರದು.

ನಮ್ಮಲ್ಲಿ ಗುಣಮಟ್ಟ ನೋಡುವವರು, ಅಂದರೆ ನಾನು, ಒಪ್ಪಿಗೆ ಕೊಡದೆ ಯಾವ ಕಂತೂ ಹೊರಗೆ ಹೋಗುವಂತಿಲ್ಲ. ಒಪ್ಪಿಗೆ ಕೊಡುವಾಗ ಪರದೆಯ ಮೇಲೆ ಸಾಲಾಗಿ ಪ್ರಶ್ನೆಗಳು ಬರುತ್ತವೆ. ದನಿ ಕೊಟ್ಟವರು ತಮ್ಮ ಮಾತು ಬಳಸಲು ಒಪ್ಪಿದ್ದಾರೆಯೇ ಎಂಬುದು ಅವುಗಳಲ್ಲಿ ಒಂದು. ಎಲ್ಲರೂ ಓದದೆ ಹೌದು ಎಂದು ಒತ್ತುವ ಪ್ರಶ್ನೆ. ಈ ಸಲ ನಾನು ಇಲ್ಲ ಎಂದು ಒತ್ತಿದೆ. ನಿಜವಾದ ಕಾಲ್ ಸೆಂಟರ್ ಕರೆಯಾದರೆ ಮೊದಲೇ, ಈ ಮಾತು ರೆಕಾರ್ಡ್ ಆಗುತ್ತಿದೆ ಎಂಬ ಸೂಚನೆ ಬರುತ್ತದೆ. ಇಷ್ಟು ತುಣುಕುಗಳಲ್ಲಿ ಒಂದರಲ್ಲೂ ಅದರ ಸುಳಿವಿಲ್ಲ, ಒಪ್ಪಿಗೆಯ ದಾಖಲೆ ತೋರಿಸಿ ಎಂದು ಬರೆದೆ. ದಾಖಲೆ ತಮಗಿಂತ ಮೇಲಿನವರ ಬಳಿ ಇದೆ ಎಂದು ಉತ್ತರ ಬಂತು. ಹಾಗಾದರೆ ಮೇಲಿನವರಿಂದ ತರಿಸಿ ಎಂದು ಮತ್ತೆ ಬರೆದೆ.

ಮ್ಯಾನೇಜರ್ ನನ್ನ ಮೇಜಿನ ಬಳಿ ಕುರ್ಚಿ ಎಳೆದುಕೊಂಡು ಕೂತ. ಬೀದಿಯಲ್ಲಿ ಪೂಜೆಯ ಪೆಂಡಾಲಿಗೆ ಬಿದಿರು ಇಳಿಸುವ ಸದ್ದು. ಹಿಂದಿಯಲ್ಲಿ ಬಹಳ ಹೊತ್ತು ಸಮಾಧಾನ ಹೇಳಿದ, ಇಷ್ಟು ವರ್ಷ ಇಲ್ಲದ ಪ್ರಶ್ನೆ ಈಗ್ಯಾಕೆ ಎಂದ, ನಾಲ್ವರ ಕೆಲಸ ಹೋಗುತ್ತದೆ ಎಂದ. ಕೊನೆಗೆ ದನಿ ತಗ್ಗಿಸಿ, “ದಿದಿ, ನೀವು ತಡೆದರೆ ಇದು ನಿಲ್ಲುವುದಿಲ್ಲ. ಬೇರೆ ಊರಿಗೆ ಹೋಗುತ್ತದೆ, ಅಷ್ಟೇ,” ಎಂದ.

“ಹೋಗಲಿ. ನನ್ನ ಕೈಯಿಂದ ಹೋಗುವುದು ಬೇಡ,” ಎಂದೆ.

ಚಿಕ್ಕಮ್ಮನ ವಿಷಯ ಅವನಿಗೆ ಹೇಳಬಹುದಿತ್ತು. ಒಳ್ಳೆಯ ಮನುಷ್ಯ ಎಂದೆನಲ್ಲ, ಬಹುಶಃ ಅರ್ಥ ಮಾಡಿಕೊಳ್ಳುತ್ತಿದ್ದ. ಬಾಯಿಯವರೆಗೆ ಬಂದ ಮಾತನ್ನು ನುಂಗಿಕೊಂಡೆ. ಇವನು ಯಾರ ಕಡೆಯವನೋ ಎಂದು ನನಗೆ ಅನಿಸಿತು. ವರ್ಷಗಟ್ಟಲೆ ಒಟ್ಟಿಗೆ ಊಟ ಮಾಡಿದವನ ಮೇಲೆ ಹಾಗನಿಸಿದ್ದು ಆ ಇಡೀ ಪ್ರಕರಣದಲ್ಲಿ ನನಗೆ ಬಹಳ ನೋವು ಕೊಟ್ಟ ಸಂಗತಿ.

ಗಿರಾಕಿ ಜಗಳ ಕಾಯುತ್ತಾರೆ, ವಕೀಲರಿಂದ ಬೆದರಿಸುತ್ತಾರೆ ಎಂದು ಎಣಿಸಿದ್ದೆ. ಹಾಗೇನೂ ಆಗಲಿಲ್ಲ. ಪೂಜೆಗೆ ಆಫೀಸು ಮುಚ್ಚುವ ಮುನ್ನ ಒಂದು ಇಮೇಲ್ ಬಂತು. ಕೆಲಸ ಹಿಂದಕ್ಕೆ ಪಡೆದಿದ್ದೇವೆ, ನಿಮ್ಮಲ್ಲಿರುವ ದನಿಗಳನ್ನೂ ಗುರುತುಗಳನ್ನೂ ಪೂರ್ತಿ ಅಳಿಸಿ, ನಿಮ್ಮ ಶ್ರದ್ಧೆಗೆ ಥ್ಯಾಂಕ್ಸ್. ಅಷ್ಟು ಸುಲಭವಾಗಿ ಬಿಟ್ಟುಹೋದರಲ್ಲ ಎಂದು ನನಗೆ ಇನ್ನೂ ಹೆದರಿಕೆಯಾಯಿತು. ಅಳಿಸುವ ಕೆಲಸವನ್ನು ನಾನೇ ನಿಂತು ಮಾಡಿಸಿದೆ. ಎಲ್ಲ ಅಳಿಸಿ ಮನೆಗೆ ಹೋಗುವಾಗ, ಬಸ್ಸಿನಲ್ಲಿ, ಮೊದಲ ಕಂತು ನೆನಪಾಯಿತು. ಮಾದರಿಗೆಂದು ಹೋದ ಸಣ್ಣ ಕಂತು. ಅದೂ ನಾಲ್ವರೂ ಕೇಳಿದ್ದೇ. ಕುಕ್ಕರ್ ಕೂಗಿದ ತುಣುಕು ಅದರಲ್ಲೂ ಇತ್ತೇ? ಮುಂಡಗೋಡದವಳಿಗೆ ಫೋನ್ ಮಾಡಿ ಕೇಳಿದೆ. ಒಂದೇ ತುಣುಕು ಮತ್ತೆ ಮತ್ತೆ ಬರುತ್ತಿದ್ದದ್ದರಿಂದ ಮೊದಲು ಯಾವಾಗ ಕೇಳಿದೆನೋ ನೆನಪಿಲ್ಲ ಎಂದಳು. ನೋಡಿ ತಿಳಿಯೋಣವೆಂದರೆ ನಾನೇ ಅಳಿಸಿ ಬಂದಿದ್ದೆ.

ಪೂಜೆ ಮುಗಿಯಿತು. ನಾಲ್ವರನ್ನೂ ಕೆಲಸದಿಂದ ಬಿಟ್ಟರು. ನನ್ನನ್ನು ಅಂಗಡಿ ಕಪಾಟಿನ ಫೋಟೋಗಳಲ್ಲಿ ಬಿಸ್ಕತ್ತು ಯಾವುದು ಸೋಪು ಯಾವುದು ಎಂದು ಗುರುತು ಹಾಕಿಸುವ ಕೆಲಸಕ್ಕೆ ಹಾಕಿದರು. ಚಳಿ ಶುರುವಾದ ಮೇಲೆ ಒಂದು ದಿನ ನನ್ನ ಸ್ವಂತ ನಂಬರಿಗೆ ಯಾರೋ ಫೋನ್ ಮಾಡಿ, ನೀವು ಒಳ್ಳೆಯ ಟಿಬೆಟನ್ ತಂಡ ಕಟ್ಟಿದ್ದಿರಂತಲ್ಲ, ಅವರ ನಂಬರ್ ಕೊಡುತ್ತೀರಾ ಎಂದು ಕೇಳಿದ. ಚೀನಾದೊಳಗಿನ ಬೇರೆ ಭಾಷೆಗಳಾದ ಉಯ್ಘರ್, ಮಂಗೋಲಿಯನ್ ಮಾತಾಡುವವರು ಭಾರತದಲ್ಲಿ ಗೊತ್ತಿದ್ದರೆ ಅವರೂ ಬೇಕು ಎಂದ. ನನ್ನ ನಂಬರ್ ಯಾರು ಕೊಟ್ಟರು ಎಂದರೆ ಹೇಳಲಿಲ್ಲ. ಗೊತ್ತಿಲ್ಲ ಎಂದೆ. ಪರವಾಗಿಲ್ಲ, ಮುಂದೆ ಮತ್ತೆ ಮಾಡುತ್ತೇನೆ ಎಂದ.

ಬೆಣ್ಣೆದೀಪದ ಹಬ್ಬದ ಸಂಜೆ ಆಫೀಸಿನಿಂದ ನೇರ ವೆಲ್ಲಿಂಗ್ಟನ್ನಿಗೆ ಹೋದೆ. ಮಗಳಿಗೆ ಸ್ವೆಟರ್ ಬೇಕು ಎಂಬುದು ನೆಪ. ಫುಟ್‌ಪಾತಿನುದ್ದಕ್ಕೂ ಉಣ್ಣೆ ಬಟ್ಟೆಗಳ ರಾಶಿ. ಮುಂಡಗೋಡದವಳು ಈಗ ತಾಯಿಗೆ ಜೊತೆಯಾಗಿದ್ದಳು. ತಾಯಿ ಗಟ್ಟಿಮುಟ್ಟಾದ ಕುಳ್ಳಗಿನ ಹೆಂಗಸು. “ಬರ್ರಿ ಅಕ್ಕಾರ, ಕುಂದರ್ರಿ,” ಎಂದು ಸ್ಟೂಲು ಕೊಟ್ಟಳು. ಸಿಯಾಲ್ದಾದ ಬಾಡಿಗೆ ಕೋಣೆಯಲ್ಲಿ ದೀಪ ಹಚ್ಚಿಟ್ಟು ಬಂದಿದ್ದೇನೆ, ಮಾಲೀಕನಿಗೆ ಬೆಂಕಿಯ ಹೆದರಿಕೆ, ಬಕೆಟ್ ನೀರು ಇಟ್ಟುಕೊಂಡು ಕೂತಿದ್ದಾನೆ ಎಂದು ನಕ್ಕಳು. ಅವಳ ಫೋನು ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ, ಮೂವರಿಗೂ ಕಾಣುವ ಹಾಗೆ ಇತ್ತು. ಯಾರೂ ಅದರ ಮಾತೆತ್ತಲಿಲ್ಲ. ನಾನು ಬೇಡದ ಬಣ್ಣಗಳನ್ನೆಲ್ಲ ತೆಗೆಸಿ ನೋಡಿದೆ.

ಬೀದಿದೀಪ ಹತ್ತಿದ ಸ್ವಲ್ಪ ಹೊತ್ತಿಗೆ ಫೋನ್ ಹೊಡೆದುಕೊಂಡಿತು. ಒಂದು ರಿಂಗ್. ಎರಡು. ನಿಂತಿತು.

ತಾಯಿ ಅದನ್ನು ಎತ್ತಿ ಹಣೆಗೆ ಒತ್ತಿಕೊಂಡಳು. ತಮ್ಮ ಭಾಷೆಯಲ್ಲಿ ಏನೋ ಅಂದಳು, ಕಣ್ಣು ಒರೆಸಿಕೊಂಡಳು. ಮಗಳು ನನ್ನ ಕಡೆ ತಿರುಗಿ, “ಅದಾಳ್ರಿ ಅಕ್ಕಾರ,” ಎಂದಳು. ಆಫೀಸಿನ ಮೇಡಂ ಹೋಗಿ ನಾನು ಅಕ್ಕ ಆಗಿದ್ದೆ. ತಾಯಿ ಫ್ಲಾಸ್ಕಿನಿಂದ ಬೆಣ್ಣೆ ಹಾಕಿದ ಉಪ್ಪು ಚಹಾ ಬಗ್ಗಿಸಿ ಕೊಟ್ಟಳು. ಇದೇನಮ್ಮ, ಸಾರಿಗೆ ಒಗ್ಗರಣೆ ಮರೆತಿದ್ದೀರಿ ಎಂದೆ. ಮೂವರೂ ನಕ್ಕೆವು. ತಿಂಗಳುಗಳಿಂದ ಹೊತ್ತುಕೊಂಡಿದ್ದ ಭಾರ ಇಳಿದ ಹಾಗಿತ್ತು.

ಗಿರಾಕಿಯೊಬ್ಬಳು ಮೊಮ್ಮಗುವಿಗೆ ಕೆಂಪು ಸ್ವೆಟರ್ ಕೇಳಿದಳು. ತಾಯಿ ಅದನ್ನು ಬಿಡಿಸಿ ತೋರಿಸುತ್ತಿದ್ದಾಗ ಫೋನ್ ಮತ್ತೆ ಹೊಡೆದುಕೊಂಡಿತು. ಪರದೆಯ ಮೇಲೆ ಅದೇ ನಂಬರು. ಒಂದು. ಎರಡು. ಮೂರು.

ನಿಲ್ಲಲಿಲ್ಲ. ಮಗಳು ನನ್ನ ಮಣಿಕಟ್ಟು ಹಿಡಿದುಕೊಂಡಳು. ತಾಯಿಯ ಕೈ ಸ್ವೆಟರಿನ ಮೇಲೆಯೇ ಇತ್ತು. ಅದು ತಾನಾಗಿ ಕಡಿದುಹೋಗುವವರೆಗೆ ಹೊಡೆದುಕೊಂಡು, ಉಸಿರು ತೆಗೆದುಕೊಳ್ಳುವಷ್ಟು ಬಿಟ್ಟು, ಮತ್ತೆ ಶುರುವಾಯಿತು. ಫೋನ್ ಬರುತ್ತಿದೆ, ಎತ್ತಬಾರದೇ ಮಾಸಿ ಎಂದು ಗಿರಾಕಿ ಬಂಗಾಳಿಯಲ್ಲಿ ಅಂದಳು. ರಾಂಗ್ ನಂಬರ್ ಎಂದು ತಾಯಿ ಉತ್ತರ ಕೊಟ್ಟಳು. ಕೊಟ್ಟು, ಪಕ್ಕದಲ್ಲಿದ್ದ ಸ್ವೆಟರುಗಳನ್ನು ಒಂದೊಂದಾಗಿ ಎತ್ತಿ ಆ ಫೋನಿನ ಮೇಲೆ ಪೇರಿಸತೊಡಗಿದಳು. ಎಷ್ಟು ಪೇರಿಸಿದರೂ ಅದು ನಮ್ಮೆಲ್ಲರಿಗೂ ಸ್ಪಷ್ಟವಾಗಿ ಕೇಳಿಸುತ್ತಿತ್ತು.